ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ

ನಾಲ್ಕನೆಯ ಡ್ರಮ್ಮೂ ಬರಿಗೈಗೇ ಬಂತು.

ವಾಹನ ಪರೀಕ್ಷಕಿ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಳು. ಸುತ್ತಿಗೆ ಪೆಟ್ಟಿಗೆಯಲ್ಲೇ ಇತ್ತು. ಸರಿಯಾಗಿ ಹೊಂದಿಸಿದ ಬ್ರೇಕಿನ ಡ್ರಮ್ ಹೀಗೆ ಸುಲಭವಾಗಿ ಬರುವುದಿಲ್ಲ. ಚಕ್ರವನ್ನು ಒತ್ತಿ ನಿಲ್ಲಿಸುವ ಒಳಗಿನ ಶೂಗಳು ಅದರ ಗೋಡೆಗೆ ಕೂದಲೆಳೆಯಷ್ಟು ಹತ್ತಿರ ಇರುತ್ತವೆ. ಸವೆದ ಅಂಚಿಗೆ ಸಿಕ್ಕಿಕೊಂಡು ಬಿಚ್ಚುವವರನ್ನು ಸತಾಯಿಸುತ್ತವೆ. ಈ ಕಾರಿನಲ್ಲಿ ನಾಲ್ಕಕ್ಕೆ ನಾಲ್ಕೂ ಡಬ್ಬಿಯ ಮುಚ್ಚಳದಂತೆ ಕಳಚಿದ್ದವು.

ಕಳೆದ ಶನಿವಾರ ಬೆಳಿಗ್ಗೆ ಈ ಕಾರು ಇಳಿಜಾರಿನ ಬುಡದಲ್ಲಿದ್ದ ಮರದ ಕಾರ್ಖಾನೆಯ ಕಲ್ಲುಗೋಡೆಗೆ ಬಡಿದು, ಓಡಿಸುತ್ತಿದ್ದ ಹಲ್ಲಿನ ಡಾಕ್ಟರಮ್ಮ ಸತ್ತಿದ್ದಳು. ಹನ್ನೆರಡು ದಿನ ಮೊದಲು ಅದರ ಬ್ರೇಕ್ ಕೆಲಸ ಮಾಡಿಕೊಟ್ಟಿದ್ದ ಮುದಿ ಮೇಸ್ತ್ರಿ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ.

ಠಾಣೆಯ ಹಿಂದಿನ ಅಂಗಳದಲ್ಲಿ ತಗಡಿನ ಮಾಡು ಕಾದು ಟಿಕ್ಕೆನ್ನುತ್ತಿತ್ತು. ಇನ್ಸ್‌ಪೆಕ್ಟರ್ ಕಂಬಕ್ಕೆ ಒರಗಿ ಗಡಿಯಾರ ನೋಡಿಕೊಂಡ. ಹನ್ನೊಂದೂವರೆ. ನಾಲ್ಕಕ್ಕೆ ಮೇಸ್ತ್ರಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಆಕೆಯ ವರದಿ ಫೈಲಿನಲ್ಲಿರಬೇಕು.

"ತುಕ್ಕು ಅಂತ ಬರೀರಿ ಮೇಡಂ. ಹಳೇ ಕಾರು, ಅಡ್ಜಸ್ಟರ್ ಹಿಡ್ಕೊಂಡಿದೆ, ಮುದುಕ ನೋಡಿಲ್ಲ. ನಿರ್ಲಕ್ಷ್ಯ. ನಾಲ್ಕು ಸಾಲು ಸಾಕು."

"ತುಕ್ಕು ಎಲ್ಲಿದೆ ತೋರಿಸಿ, ಬರೀತೀನಿ" ಎಂದು ಆಕೆ ಕೈ ಚಾಚಿದಳು.

ಅಂಗೈಯಲ್ಲಿದ್ದುದು ಬೆರಳುದ್ದದ ಒಂದು ತಿರುಪು, ಅದರ ಮೈಗೆ ಒಂದು ಹಲ್ಲಿನ ಚಕ್ರ. ಇದೇ ಅಡ್ಜಸ್ಟರು, ಎರಡು ಶೂಗಳ ನಡುವೆ ಅಡ್ಡಲಾಗಿ ಕೂರುವ ಸಾಮಾನು. ಶೂಗಳ ಮೈಗೆ ಅಂಟಿಸಿದ ಲೈನಿಂಗ್ ಸವೆದಂತೆ ಶೂಗಳಿಗೂ ಡ್ರಮ್ಮಿಗೂ ನಡುವಿನ ಸಂದು ಹಿಗ್ಗುತ್ತದೆ. ಈ ಜಾತಿಯ ಕಾರಿನಲ್ಲಿ ಹಿಂದಕ್ಕೆ ಹೋಗುವಾಗ ಬ್ರೇಕ್ ಒತ್ತಿದರೆ ಒಂದು ಸಣ್ಣ ಲಿವರ್ ಎದ್ದು ಆ ಚಕ್ರದ ಹಲ್ಲನ್ನು ನೂಕುತ್ತದೆ. ತಿರುಪು ಅಷ್ಟಷ್ಟೇ ಉದ್ದವಾಗುತ್ತದೆ, ಶೂಗಳು ಹೊರಕ್ಕೆ ಸರಿಯುತ್ತವೆ, ಸಂದು ಮುಚ್ಚಿಕೊಳ್ಳುತ್ತದೆ. ಓಡಿಸುವವರಿಗೆ ಇದೊಂದೂ ತಿಳಿಯುವುದಿಲ್ಲ.

ತಾನಾಗಿ ಹೊಂದಿಕೊಳ್ಳುವ ಈ ವ್ಯವಸ್ಥೆ ಕೈ ಕೊಡುವುದು ಹೊಸದಲ್ಲ. ಆಕೆ ಬೆಳಗಿನಿಂದ ಒಂದೊಂದೇ ಕಾರಣವನ್ನು ಹೊಡೆದುಹಾಕುತ್ತ ಬಂದಿದ್ದಳು. ತಿರುಪಿನ ಸುತ್ತುಗಳಲ್ಲಿ ಧೂಳು ಸೇರಿ ತುಕ್ಕು ಕಟ್ಟಬಹುದು. ಇವು ಉಗುರಿನಿಂದ ತಳ್ಳಿದರೂ ತಿರುಗುತ್ತಿದ್ದವು, ಹೊಸ ಗ್ರೀಸಿತ್ತು. ಚಕ್ರದ ಹಲ್ಲು ಸವೆದು ಲಿವರ್ ಜಾರಬಹುದು, ಹಲ್ಲುಗಳು ಚೂಪಾಗಿದ್ದವು. ಲಿವರ್ ಎಳೆಯುವ ತಂತಿ ಜಗ್ಗಿಹೋಗಬಹುದು; ಅಳೆದು ನೋಡಿದಳು, ಸರಿಯಿತ್ತು. ಕೆಲವರು ಹಿಂದಕ್ಕೆ ಹೋಗುವಾಗ ಬ್ರೇಕನ್ನೇ ಒತ್ತುವುದಿಲ್ಲ, ಅಂಥ ಕಾರಿನಲ್ಲಿ ಅಡ್ಜಸ್ಟರು ವರ್ಷಗಟ್ಟಲೆ ಮಲಗಿರುತ್ತದೆ. ಆದರೆ ಡಾಕ್ಟರಮ್ಮನ ಮನೆ ಕಾರು ತಿರುಗಿಸಲಾಗದಷ್ಟು ಕಿರಿದಾದ ಓಣಿಯಲ್ಲಿತ್ತು. ದಿನಾ ಬೆಳಿಗ್ಗೆ ಇನ್ನೂರು ಅಡಿ ಹಿಂದಕ್ಕೇ ಬಂದು, ಐದಾರು ಸಲ ಬ್ರೇಕ್ ಒತ್ತಿ, ರಸ್ತೆ ಸೇರಬೇಕು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಂದಿಕೊಂಡಿರಬೇಕಾದ ಬ್ರೇಕು ಆಕೆಯದು.

ಆದರೆ ನಾಲ್ಕೂ ತಿರುಪುಗಳು ಒಳಕ್ಕೆ, ಕೊನೆಯ ಸುತ್ತಿನವರೆಗೆ ಬಿಗಿದುಕೊಂಡಿದ್ದವು.

"ಸುಮ್ಮನೆ ಕೂತ ಅಡ್ಜಸ್ಟರ್ ಇದ್ದಲ್ಲೇ ಇರುತ್ತೆ. ಇವು ಕೆಲಸ ಮಾಡಿವೆ, ತಿರುಗಾಮುರುಗಾ ಮಾಡಿವೆ."

ಆಕೆ ತಿರುಪಿನ ತುದಿಯನ್ನು ಒರೆಸಿ ಬೆಳಕಿಗೆ ಹಿಡಿದಳು. ಲೋಹದಲ್ಲಿ ಎರಡು ಗೀರು. ಎರಡು ಗೀರಿದ್ದರೆ ಬಲಗಡೆಯದು, ಒಂದಿದ್ದರೆ ಎಡಗಡೆಯದು. ಎರಡರ ಸುತ್ತೂ ಒಂದಕ್ಕೊಂದು ಎದುರು ದಿಕ್ಕು. ಇದನ್ನು ಆಕೆ ಬಿಚ್ಚಿದ್ದು ಎಡಗಡೆಯಿಂದ. ಎಡದ್ದು ಬಲಕ್ಕೆ ಹೋದರೆ ಲಿವರ್ ನೂಕಿದಾಗಲೆಲ್ಲ ತಿರುಪು ಉದ್ದವಾಗುವ ಬದಲು ಗಿಡ್ಡವಾಗುತ್ತದೆ. ಸಂದು ಹಿಗ್ಗಿದಷ್ಟೂ ಲಿವರ್ ಹೆಚ್ಚು ಎದ್ದು ಹೆಚ್ಚು ಹಲ್ಲು ನೂಕುತ್ತದೆ. ಕೊನೆಗೊಂದು ದಿನ ಪೆಡಲ್ ನೆಲ ಮುಟ್ಟುತ್ತದೆ, ಶೂ ಡ್ರಮ್ಮನ್ನು ಮುಟ್ಟುವುದಿಲ್ಲ. ಹಿಂದಿನ ಶೂಗಳನ್ನೇ ನಂಬಿಕೊಂಡ ಹ್ಯಾಂಡ್‌ಬ್ರೇಕೂ ಹೋಗುತ್ತದೆ. ಕಾರಿನಲ್ಲಿ ಅದರ ಹಿಡಿಕೆ ಕೊನೆಯ ಹಲ್ಲಿನವರೆಗೆ ಎಳೆದಿತ್ತು. ಇಳಿಜಾರಿನಲ್ಲಿ ಗುಡಿಸುತ್ತಿದ್ದವಳು ಹಾರ್ನ್ ಒಂದೇ ಸಮ ಕೇಳುತ್ತಿತ್ತು ಎಂದಿದ್ದಳು.

"ಒಂದು ಕಡೆ ಮಾತ್ರವಾ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ಮುಂದೆ, ಹಿಂದೆ, ಎರಡೂ ಜೊತೆ."

ಆತ ಕಂಬ ಬಿಟ್ಟು ನೆಟ್ಟಗೆ ನಿಂತ. ಕೈತಪ್ಪಾಗಿದ್ದರೆ ನಾಲ್ಕರಲ್ಲಿ ಒಂದಾದರೂ ಸರಿ ಕೂರುತ್ತಿತ್ತು, ನಾಲ್ಕೂ ತಪ್ಪಿದೆ ಅಂದರೆ ಬೇಕಂತಲೇ ಮಾಡಿದ್ದು ಎಂದು ಲೆಕ್ಕ ಹಾಕಿದ. ನಿರ್ಲಕ್ಷ್ಯದ ಕಲಮು ಬಿಟ್ಟು ಕೊಲೆಯ ಕಲಮು ಹಾಕುತ್ತೇನೆ ಎಂದ.

ತಾನು ನಿಜ ಹೇಳಿ ಮುದುಕನ ಕುತ್ತಿಗೆಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದೆ ಎಂಬುದು ಪರೀಕ್ಷಕಿಗೆ ಗೊತ್ತಾಗಿತ್ತು.

ಇನ್ನೊಂದು ವಿಷಯವನ್ನು ಆಕೆ ಹೇಳದೆ ಉಳಿಸಿಕೊಂಡಳು. ಶೂಗಳನ್ನು ಎಳೆದು ಹಿಡಿಯುವ ಸ್ಪ್ರಿಂಗುಗಳ ಕೊಕ್ಕೆಯ ಬಳಿ ಹೊಸ ಗಾಯಗಳಿದ್ದವು. ಸಣ್ಣ ಇಕ್ಕಳದ ಹಲ್ಲು ಕಚ್ಚಿದ ಗುರುತು, ಎಂಟೂ ಸ್ಪ್ರಿಂಗಿನಲ್ಲಿ.

*

ಪಡಸಾಲೆಯ ಬೆಂಚಿನಲ್ಲಿ ಡಾಕ್ಟರಮ್ಮನ ತಮ್ಮ ಕೂತಿದ್ದ. ಹೊಲಿಗೆ ಮೆಷಿನ್ ರಿಪೇರಿ ಮಾಡುವವನು, ನಲವತ್ತರ ಹತ್ತಿರದವನು. ಆರು ದಿನದಿಂದ ದಿನಾ ಬಂದು ಅದೇ ಜಾಗದಲ್ಲಿ ಕೂತು, ಯಾರಿಗೂ ತೊಂದರೆ ಕೊಡದೆ ಎದ್ದು ಹೋಗುತ್ತಿದ್ದ. ಅವನ ಹೇಳಿಕೆ ಫೈಲಿನಲ್ಲಿತ್ತು: ಸೋಮವಾರ ಬ್ರೇಕ್ ಮಾಡಿಸಿ ತಂದ ಮೇಲೆ ಕಾರು ಅಕ್ಕನ ಕೈಯಲ್ಲೇ ಇತ್ತು, ತಾನು ಮುಟ್ಟಿಲ್ಲ, ಅದು ಮತ್ತೆ ಗ್ಯಾರೇಜಿಗೆ ಹೋಗಿಲ್ಲ.

ಆಕೆ ಹಾದುಹೋಗುವಾಗ ಅವನು ಎದ್ದು ನಿಂತು, ಅಕ್ಕ ನರಳಲಿಲ್ಲ ತಾನೇ ಎಂದು ಕೇಳಿದ. ನನಗೆ ಗೊತ್ತಿರುವುದು ಬ್ರೇಕಿನ ವಿಚಾರ ಮಾತ್ರ ಎಂದು ಆಕೆ ಹೇಳಿದಳು.

ಲಾಕಪ್ಪಿನ ಸರಳುಗಳ ಹಿಂದೆ ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಊರಿನ ಮೆಕ್ಯಾನಿಕ್ಕುಗಳು ಅವನನ್ನು ಒಂಟಿಚಕ್ರ ಎಂದು ಗೇಲಿ ಮಾಡುತ್ತಿದ್ದರು. ನಲವತ್ತು ವರ್ಷದಿಂದ ಅವನದೊಂದೇ ಪದ್ಧತಿ: ಒಂದು ಚಕ್ರ ಬಿಚ್ಚಿ, ಕೆಲಸ ಮುಗಿಸಿ, ನಟ್ಟು ಬಿಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವುದು. ಯಾವ ಕೊಕ್ಕೆ ಎಲ್ಲಿತ್ತು ಎಂದು ಅನುಮಾನ ಬಂದರೆ ಬಿಚ್ಚದ ಕಡೆ ನೋಡಬಹುದು. ಎಡದ ಸಾಮಾನು ಬಲದ್ದರ ಜೊತೆ ಕಲೆಯುವ ಪ್ರಶ್ನೆಯೇ ಇಲ್ಲ. ಬೇರೆಯವರು ಮೂರು ಕಾರು ಮುಗಿಸುವಷ್ಟರಲ್ಲಿ ಇವನದು ಒಂದು.

ಪರೀಕ್ಷಕಿ ಒಂದು ತಿರುಪನ್ನು ಅವನ ಕೈಗಿಟ್ಟು, ಇದು ಯಾವ ಕಡೆಯದು ಎಂದು ಕೇಳಿದಳು.

ಮೇಸ್ತ್ರಿ ಅದನ್ನು ಹೆಬ್ಬೆರಳಿನಿಂದ ಒಂದು ಸುತ್ತು ತಿರುಗಿಸಿದ. ಕಣ್ಣು ಎದುರಿನ ಗೋಡೆಯ ಮೇಲೇ ಇತ್ತು. "ಬಲದ್ದು."

ಆಕೆ ಇನ್ನೊಂದನ್ನು ಸರಳಿನ ಒಳಗೆ ಚಾಚಿ ಹಿಡಿದಳು. ಅದು ಅವನ ಮುಖದಿಂದ ಒಂದು ಗೇಣು ದೂರವಿತ್ತು. ಅವನು ತೆಗೆದುಕೊಳ್ಳಲಿಲ್ಲ. ಆಕೆ ಅದನ್ನು ಸರಳಿಗೆ ಮೆಲ್ಲಗೆ ತಾಕಿಸಿದಳು. ಸದ್ದಾದ ಮೇಲೆ ಅವನ ಕೈ ಬಂತು.

ಹೇಗೆ ಕಲೆತುಹೋಯಿತು ಎಂದು ಕೇಳಿದ್ದಕ್ಕೆ ಉತ್ತರ ಬಾಯಿಪಾಠ ಮಾಡಿದಂತಿತ್ತು. ನಾಲ್ಕೂ ಚಕ್ರ ಒಟ್ಟಿಗೆ ಬಿಚ್ಚಿದೆ, ಎಲ್ಲ ಸಾಮಾನನ್ನೂ ಒಂದೇ ಸೀಮೆಎಣ್ಣೆ ತಟ್ಟೆಯಲ್ಲಿ ತೊಳೆದೆ, ಹಾಕುವಾಗ ತಪ್ಪಿತು, ತಾನೇ ಮಾಡಿದ್ದು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ನೀವು ಯಾವತ್ತಿಂದ ನಾಲ್ಕು ಒಟ್ಟಿಗೆ ಬಿಚ್ಚೋಕೆ ಶುರು ಮಾಡಿದ್ರಿ ಮೇಸ್ತ್ರಿ?"

"ವಯಸ್ಸಾಯ್ತಲ್ಲ ತಾಯಿ. ಬೇಗ ಬೇಗ ಮುಗಿಸಬೇಕು ಅನ್ಸುತ್ತೆ."

ಮುಟ್ಟಿದರೇ ಎಡಬಲ ಗೊತ್ತಾಗುವ ಬೆರಳು ಹಾಕುವಾಗ ತಪ್ಪುವುದಿಲ್ಲ. ಹಾಗೆಯೇ, ಮುಖದ ಮುಂದೆ ಹಿಡಿದ ಕಬ್ಬಿಣ ಕಾಣದ ಕಣ್ಣು ಈಚೆಗೆ ಒಂದು ಬ್ರೇಕನ್ನೂ ಒಂಟಿಯಾಗಿ ಕಟ್ಟಿರಲು ಸಾಧ್ಯವಿಲ್ಲ. ಆ ಅಂಗಡಿಯಲ್ಲಿ ಇನ್ನೊಂದು ಜೊತೆ ಕೈ ಇದ್ದೇ ಇತ್ತು.

*

ಗ್ಯಾರೇಜಿನ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಮೇಸ್ತ್ರಿಯ ಮಗಳು ಸ್ಟೂಲಿನ ಮೇಲೆ ಕೂತು ಒಂದು ಕಾರ್ಬ್ಯುರೇಟರನ್ನು ತೊಳೆಯುತ್ತಿದ್ದಳು. ಇಪ್ಪತ್ತೆಂಟರ ಹುಡುಗಿ. ಗಿರಾಕಿಗಳ ಪಾಲಿಗೆ ಆಕೆ ಬಿಲ್ಲು ಬರೆಯುವವಳು, ಫೋನ್ ಎತ್ತುವವಳು. ಉಗುರಿನ ಸಂದಿಯ ಕಪ್ಪು ಬೇರೆ ಕಥೆ ಹೇಳುತ್ತಿತ್ತು.

"ಅಪ್ಪ ಇಲ್ಲ. ಕೆಲಸ ತಗೊಳ್ತಿಲ್ಲ" ಎಂದಳು. ಪರೀಕ್ಷಕಿ ಒಳಗೆ ಬಂದು ಡಬ್ಬದ ಮೇಲೆ ಕೂರಲು ಹೋದಾಗ, "ಅಲ್ಲಿ ಬೇಡ, ಬಟ್ಟೆಗೆ ಗ್ರೀಸಾಗುತ್ತೆ" ಎಂದಳು.

"ಇದು ಗ್ರೀಸಿಗೇ ಅಂತ ಹೊಲಿಸಿರೋ ಬಟ್ಟೆ."

ಹುಡುಗಿಯ ತುಟಿ ಒಂದು ಕ್ಷಣ ಸಡಿಲಾಗಿ ಮತ್ತೆ ಬಿಗಿಯಿತು.

ಗೋಡೆಯ ಮೇಲೆ ಸಾಮಾನುಗಳು ಸಾಲಾಗಿ ತೂಗುತ್ತಿದ್ದವು, ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದಲ್ಲಿ ಬಣ್ಣ ಬಳಿದಿತ್ತು, ಕೈಯಾಡಿಸಿದರೂ ಜಾಗ ತಪ್ಪದ ಹಾಗೆ. ಮೂರನೆಯ ಮೊಳೆಯಲ್ಲಿ ಬ್ರೇಕ್ ಸ್ಪ್ರಿಂಗ್ ಎಳೆಯುವ ಉಪಕರಣ. ಉದ್ದ ಹಿಡಿಕೆ, ತುದಿಯಲ್ಲಿ ನುಣುಪಾದ ಕೊಕ್ಕೆ. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿಯ ಬ್ರೇಕ್ ತಟ್ಟೆ ಅರ್ಧ ಕಟ್ಟಿ ನಿಂತಿತ್ತು. ಪರೀಕ್ಷಕಿ ಬಗ್ಗಿ ಅದರ ಸ್ಪ್ರಿಂಗುಗಳನ್ನು ನೋಡಿದಳು. ಒಂದು ಗೀರೂ ಇರಲಿಲ್ಲ.

ಆಕೆ ಜೇಬಿನಿಂದ ಡಾಕ್ಟರಮ್ಮನ ಕಾರಿನ ಸ್ಪ್ರಿಂಗೊಂದನ್ನು ತೆಗೆದು ಬೆಂಚಿನ ಮೇಲಿಟ್ಟಳು.

"ಇದು ನಿನ್ನ ಕೆಲಸವಾ?"

ಹುಡುಗಿ ನೋಡಿದ ಕೂಡಲೇ ಮೂಗು ಮುರಿದಳು. "ಇಷ್ಟು ಕೊಳಕಾಗಿ ಯಾರು..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ನಿಲ್ಲಿಸಿದ್ದು ತಡವಾಗಿತ್ತು.

ಪರೀಕ್ಷಕಿ ಅವಸರ ಮಾಡಲಿಲ್ಲ. ಅಂಗಳದಲ್ಲಿ ಕಂಡದ್ದನ್ನು ಹೇಳಿದಳು. ಲಾಕಪ್ಪಿನಲ್ಲಿ ಮೇಸ್ತ್ರಿ ಒಪ್ಪಿಕೊಂಡದ್ದನ್ನು ಹೇಳಿದಳು. ಇನ್ಸ್‌ಪೆಕ್ಟರ್ ಕಲಮು ಬದಲಿಸುತ್ತಿರುವುದನ್ನೂ, ಇನ್ನು ಎರಡು ಗಂಟೆಯಲ್ಲಿ ಅವಳ ಅಪ್ಪ ಕೊಲೆಗಾರನಾಗಿ ಕಟಕಟೆ ಹತ್ತುವುದನ್ನೂ ಹೇಳಿದಳು. ಅಲ್ಲಿಂದ ಮುಂದೆ ನಡೆಯುವುದೆಲ್ಲ ನೀನು ಬಾಯಿ ಬಿಡುತ್ತೀಯೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ ಎಂದಳು.

ನಿನ್ನೆ ಠಾಣೆಗೆ ಹೋಗಿದ್ದೆ ಎಂದು ಹುಡುಗಿ ತಗ್ಗಿದ ದನಿಯಲ್ಲಿ ಶುರು ಮಾಡಿದಳು. ಸರಳಿನ ಆಚೆಯಿಂದ ಅಪ್ಪ ಅವಳ ಮಣಿಕಟ್ಟು ಹಿಡಿದು, ನೀನು ಕಾರು ಮುಟ್ಟಿದೆ ಅಂದರೆ ನಾನು ಇಲ್ಲೇ ತಲೆ ಚಚ್ಚಿಕೊಂಡು ಸಾಯುತ್ತೇನೆ ಎಂದಿದ್ದ. ಎರಡು ವರ್ಷದಿಂದ ಅವನ ಕಣ್ಣಿನಲ್ಲಿ ಬರೀ ಮಬ್ಬು. ಕೆಲಸವೆಲ್ಲ ಅವಳದೇ, ಹೆಸರು ಮಾತ್ರ ಅವನದು. ಒಂಟಿಚಕ್ರದ ಕೈಯಲ್ಲಿ ಮಾಡಿಸಿದ್ದು ಎಂದು ಗಿರಾಕಿಗಳು ನಂಬಿ ಬರುತ್ತಿದ್ದರು.

"ಡಾಕ್ಟರಮ್ಮನ ಕಾರು?"

"ಸೋಮವಾರ. ಮಧ್ಯಾಹ್ನಕ್ಕೆ ಬೇಕೇ ಬೇಕು ಅಂದ್ರು. ಹಿಂದಿನ ಎರಡು ಚಕ್ರ ಅಪ್ಪ ಹೇಳಿದ ಹಾಗೆ ಒಂದೊಂದೇ ಮಾಡಿದೆ. ಹೊತ್ತಾಗ್ತಿತ್ತು. ಮುಂದಿನವು ಎರಡೂ ಒಟ್ಟಿಗೆ ಬಿಚ್ಚಿಬಿಟ್ಟೆ. ಒಂದೇ ಸಲ, ನನ್ನ ಜೀವಮಾನದಲ್ಲಿ ಒಂದೇ ಸಲ."

ಅವಳು ಕಾರ್ಬ್ಯುರೇಟರನ್ನು ಕೆಳಗಿಟ್ಟಳು.

"ಮುಂದಿನ ಎರಡು ಅದಲುಬದಲಾಯ್ತು. ಎರಡು ತಪ್ಪು ನನ್ನದು ಮೇಡಂ. ನಾಲ್ಕು ನನ್ನದಲ್ಲ."

ಇಲ್ಲಿಯವರೆಗೆ ಪರೀಕ್ಷಕಿ ಊಹಿಸಿದ್ದಳು. ಮುಂದಿನದನ್ನು ಊಹಿಸಿರಲಿಲ್ಲ.

ಸಾವಿಗೆ ಎರಡು ದಿನ ಮೊದಲು, ಗುರುವಾರ, ಕಾರು ವಾಪಸು ಬಂದಿತ್ತು. ಪೆಡಲ್ ಕೆಳಕ್ಕೆ ಹೋಗುತ್ತಿದೆ ಎಂದು ಡಾಕ್ಟರಮ್ಮ ದೂರಿದ್ದಳಂತೆ. ಹಿಂದಿನ ಬ್ರೇಕು ಸರಿಯಿದ್ದುದರಿಂದ ಕಾರು ನಿಲ್ಲುತ್ತಿತ್ತು, ಅಷ್ಟೇ. ಮೇಸ್ತ್ರಿ ಆ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿದ್ದ. ಮಗಳು ಮುಂದಿನ ಚಕ್ರ ಬಿಚ್ಚಿ ಗೀರು ನೋಡಿದ ಕೂಡಲೇ ಎದೆ ಒಡೆದುಕೊಂಡಳು. ಒಂದು ಗಂಟೆಯಲ್ಲಿ ಎರಡನ್ನೂ ಅವುಗಳ ಜಾಗಕ್ಕೆ ಹಾಕಿ, ಗ್ಯಾರೇಜಿನ ಮುಂದೆ ಹತ್ತು ಸಲ ಹಿಂದೆ ಮುಂದೆ ಓಡಿಸಿ, ಪೆಡಲ್ ಎತ್ತರಕ್ಕೆ ಬಂದದ್ದನ್ನು ಖಾತ್ರಿ ಮಾಡಿಕೊಂಡು ಕಳಿಸಿದಳು. ನಾಚಿಕೆಗೆ ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಅಪ್ಪನಿಗೆ ಹೇಳಿದ್ದು ಸಾವಿನ ಸುದ್ದಿ ಬಂದ ಮೇಲೆ.

"ಕಾರು ತಂದವರು ಯಾರು?"

"ಅವರ ತಮ್ಮ."

ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದವಳು ಹಾಗೇ ಹಿಡಿದುಕೊಂಡಳು.

"ಪೂರ್ತಿ ಹೊತ್ತು ಇಲ್ಲೇ ನಿಂತಿದ್ರು" ಎಂದಳು ಹುಡುಗಿ. "ಅವರೂ ಕೈಕೆಲಸದವರು, ಕುತೂಹಲ. ಸ್ಪ್ರಿಂಗ್ ಎತ್ತಿ ನೋಡೋದು, ಚಕ್ರ ತಿರುಗಿಸಿ ನೋಡೋದು. ನಾನು ತಪ್ಪು ಮುಚ್ಚಿಡಲಿಲ್ಲ ಮೇಡಂ. ಹೀಗೆ ಹೀಗೆ ಆಗಿದೆ, ನಿಮ್ಮಕ್ಕ ದಿನಾ ರಿವರ್ಸ್ ಬರೋದ್ರಿಂದ ಬೇಗ ಗೊತ್ತಾಯ್ತು, ಬೇರೆಯವರಾಗಿದ್ರೆ ತಿಂಗಳುಗಟ್ಟಲೆ ಹಾಗೇ ಇರ್ತಿತ್ತು ಅಂತ ಬಿಡಿಸಿ ಹೇಳಿದೆ."

"ಅವನೇನಂದ?"

ಹುಡುಗಿ ತನ್ನ ಕೈಗಳನ್ನು ನೋಡಿಕೊಂಡಳು.

"ನಾಲ್ಕೂ ಹೀಗಾಗಿದ್ರೆ ಬ್ರೇಕು ಪೂರ್ತಿ ಹೋಗೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ರು."

"ನೀನು?"

"ತುಂಬ ಸಡಿಲ ಮಾಡಿ ಹಾಕಿದ್ರೆ ಒಂದೇ ಬೆಳಗ್ಗೆ ಸಾಕು ಅಂದೆ. ಮನೆ ಮುಂದೆ ಬ್ರೇಕು ಹಿಡಿಯುತ್ತೆ, ಓಣಿ ಮುಗಿಯೋಷ್ಟರಲ್ಲಿ ಹಿಡಿಯಲ್ಲ ಅಂದೆ." ಅವಳ ದನಿ ಏರಲಿಲ್ಲ. "ತಮಾಷೆಗೆ ಹೇಳ್ದೆ ಮೇಡಂ. ಅವರೂ ನಕ್ಕರು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಪರೀಕ್ಷಕಿ ಬೆಂಚಿನ ಮೇಲಿನ ಸ್ಪ್ರಿಂಗನ್ನು ಎತ್ತಿ ಮತ್ತೆ ಜೇಬಿಗೆ ಹಾಕಿಕೊಂಡಳು. ಬ್ರೇಕಿನ ಉಪಕರಣವಿಲ್ಲದವನು, ಸಣ್ಣ ಇಕ್ಕಳದ ಕೆಲಸ ಚೆನ್ನಾಗಿ ಬಲ್ಲವನು, ಎಂಟು ಸ್ಪ್ರಿಂಗುಗಳನ್ನು ಕಚ್ಚಿ ಎಳೆದು ಬಿಚ್ಚಿ ಮತ್ತೆ ಕಟ್ಟಿದ್ದ. ಯಾಕೆ ಎಂಬುದು ಇನ್ನೂ ಗೊತ್ತಿರಲಿಲ್ಲ. ಅವನು ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದಾನೆ ಎಂಬುದಕ್ಕೆ ಇಡೀ ಊರಿನಲ್ಲಿದ್ದ ಸಾಕ್ಷಿ ಈ ಹುಡುಗಿಯೊಬ್ಬಳೇ.

ಆಕೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ನೀನು ಮಾತಾಡಿದರೆ ಮೊದಲು ಒಪ್ಪಿಕೊಳ್ಳಬೇಕಾದದ್ದು ನಿನ್ನ ಎರಡು ತಪ್ಪನ್ನು. ಅಪ್ಪನ ಹೆಸರಿನಲ್ಲಿ ನೀನು ಕೆಲಸ ಮಾಡಿದ್ದೂ, ಅವನ ಕಣ್ಣಿನ ವಿಚಾರವೂ ಹೊರಗೆ ಬರುತ್ತದೆ. ಗ್ಯಾರೇಜು ಮುಚ್ಚಬಹುದು. ನಿನ್ನ ಮಾತನ್ನು ನಂಬುತ್ತಾರೆಂಬ ಖಾತ್ರಿಯೂ ಇಲ್ಲ.

ಹುಡುಗಿ ಎದ್ದು ಕೈ ತೊಳೆದಳು. ಸೋಪು ಹಚ್ಚಿ ಎರಡು ಸಲ ತೊಳೆದರೂ ಉಗುರಿನ ಕಪ್ಪು ಹೋಗಲಿಲ್ಲ. ಬಾಗಿಲು ಎಳೆದು ಬೀಗ ಹಾಕುವಾಗ, ಅಪ್ಪನಿಗೆ ಮೊದಲು ನಾನೇ ಹೇಳುತ್ತೇನೆ ಎಂದಳು.

ಅದಕ್ಕೆ ಸಮಯ ಸಿಗಲಿಲ್ಲ.

*

ಠಾಣೆ ತಲುಪಿದಾಗ ಮೂರೂ ಇಪ್ಪತ್ತು. ಜೀಪು ಮೆಟ್ಟಿಲಿಗೆ ತಾಗಿ ನಿಂತಿತ್ತು. ಮೇಸ್ತ್ರಿಯನ್ನು ಹೊರಗೆ ತಂದು ಇನ್ಸ್‌ಪೆಕ್ಟರನ ಮೇಜಿನ ಮುಂದೆ ಕೂರಿಸಿದ್ದರು. ಡಾಕ್ಟರಮ್ಮನ ತಮ್ಮ ಬಾಗಿಲ ಬಳಿ ನಿಂತಿದ್ದ. ಹುಡುಗಿಯನ್ನು ಕಂಡಾಗ ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಪರೀಕ್ಷಕಿ ಅವನನ್ನು ಹೊರಗೆ ಕಳಿಸಲು ಹೇಳಿದಳು. ಸತ್ತವರ ಕಡೆಯವನು, ಇರಲಿ ಬಿಡಿ ಎಂದ ಇನ್ಸ್‌ಪೆಕ್ಟರ್.

ಹುಡುಗಿ ನಿಂತುಕೊಂಡೇ ಎಲ್ಲ ಹೇಳಿದಳು. ಸೋಮವಾರದ ಎರಡು ಚಕ್ರ, ಗುರುವಾರ ವಾಪಸು ಬಂದ ಕಾರು, ಅದನ್ನು ತಂದವನು, ಅವನು ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ಒಮ್ಮೆಯೂ ತಡವರಿಸಲಿಲ್ಲ. ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತ ಹೋದ. ಎರಡನೆಯ ಹಾಳೆಗೆ ಬಂದಾಗ ಅವನ ಪೆನ್ನು ನಿಧಾನವಾಯಿತು. ತಲೆ ಎತ್ತಿ ಬಾಗಿಲ ಕಡೆ ನೋಡಿದ.

ಅಲ್ಲಿ ಡಾಕ್ಟರಮ್ಮನ ತಮ್ಮ ಕೈ ಕಟ್ಟಿಕೊಂಡು ನಿಂತಿದ್ದ. "ಅಪ್ಪನ್ನ ಉಳಿಸಿಕೊಳ್ಳೋಕೆ ಮಗಳು ಏನು ಬೇಕಾದ್ರೂ ಹೇಳ್ತಾಳೆ. ನಾನು ಬೇಜಾರು ಮಾಡ್ಕೊಳ್ಳಲ್ಲ" ಎಂದ.

ಗುರುವಾರ ಕಾರು ಬಂದಿತ್ತೇ ಎಂದು ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನು ಕೇಳಿದ. ಹೂಂ ಎಂದರೆ ಸಾಕಿತ್ತು. ಆ ಒಂದು ಹೂಂ ಮೇಲೆ ಇಡೀ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು. ಪರೀಕ್ಷಕಿ ಮುದುಕನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಇಷ್ಟರಲ್ಲಿ ಕೇಳಿಸಿದ್ದು ಕೊಲೆಯ ಲೆಕ್ಕವಲ್ಲ ಎಂಬುದು ಆಕೆಗೆ ಹೊಳೆಯುವ ಹೊತ್ತಿಗೆ ಅವನು ಬಾಯಿ ತೆರೆದಿದ್ದ. ಮಗಳು ತನ್ನ ಬಾಯಿಂದಲೇ, ಪೊಲೀಸರ ಮುಂದೆ, ಆ ಕಾರು ಬಿಚ್ಚಿದ್ದು ನಾನು ಎಂದದ್ದಷ್ಟೇ ಅವನ ಕಿವಿಗೆ ಬಿದ್ದಿತ್ತು.

"ಇಲ್ಲ ಸ್ವಾಮಿ. ಗುರುವಾರ ನಾನು ಅಂಗಡೀಲೇ ಇದ್ದೆ. ಯಾವ ಕಾರೂ ಬರಲಿಲ್ಲ."

"ಅಪ್ಪಾ" ಎಂದಳು ಹುಡುಗಿ.

"ಇವಳಿಗೆ ನಟ್ಟು ಬಿಚ್ಚೋಕೂ ಬರಲ್ಲ. ಬಿಲ್ಲು ಬರೀತಾಳೆ, ಟೀ ತರ್ತಾಳೆ, ಅಷ್ಟೇ." ಮುದುಕನ ಮುಖ ಮಗಳ ದನಿ ಬಂದ ಕಡೆಗೆ ತಿರುಗಲಿಲ್ಲ. "ಬ್ರೇಕ್ ಶೂ ಯಾವುದು, ಕಾಲಿನ ಶೂ ಯಾವುದು ಅಂತ ಗೊತ್ತಿಲ್ಲ ಇವಳಿಗೆ. ಸುಳ್ಳು ಹೇಳ್ತಿದ್ದಾಳೆ. ಮನೆಗೆ ಕಳಿಸಿ."

ಹತ್ತು ವರ್ಷ ಬೆರಳು ಹಿಡಿದು ಕಲಿಸಿದ ಕೆಲಸವನ್ನು ಅವನು ಮೂರು ವಾಕ್ಯದಲ್ಲಿ ಅಳಿಸಿ ಹಾಕಿದ್ದ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ. ಆಸ್ಪತ್ರೆಯ ಚೀಟಿ ಇರುತ್ತದೆ, ಗುರುವಾರ ಅವನು ಅಂಗಡಿಯಲ್ಲಿರಲಿಲ್ಲ, ಅದನ್ನು ತರಿಸಿ ಎಂದು ಪರೀಕ್ಷಕಿ ಹೇಳಿದಳು. ತರಿಸೋಣ, ಅದು ಕಾರು ಬಂದದ್ದಕ್ಕೆ ಸಾಕ್ಷಿಯಾಗುವುದಿಲ್ಲ ಎಂದು ಆತ ಉತ್ತರಿಸಿದ. ಕೆಲಸವೇ ಬಾರದ ಹುಡುಗಿ ಕಾರು ಸರಿಮಾಡಿ ಕಳಿಸಿದೆ ಅಂದರೆ ಮ್ಯಾಜಿಸ್ಟ್ರೇಟರು ನಗುತ್ತಾರೆ ಎಂದ. ಬರೆದ ಎರಡು ಹಾಳೆಗಳನ್ನು ಮಡಿಸಿ ಫೈಲಿನ ಹೊರಗಿಟ್ಟ. ಜೀಪು ಚಾಲು ಮಾಡುವಂತೆ ಪೇದೆಗೆ ಕೂಗಿ ಹೇಳಿದ.

ಬಾಗಿಲ ಬಳಿ ತಮ್ಮ ಮೊದಲ ಬಾರಿಗೆ ಉಸಿರು ಬಿಟ್ಟ.

ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಇನ್ಸ್‌ಪೆಕ್ಟರನ ಕೋಣೆಯಿಂದ ಹಿಂದಿನ ಅಂಗಳಕ್ಕೆ ತೆರೆಯುವ ಬಾಗಿಲು ದಾಟಿ, ತಗಡಿನ ಮಾಡಿನ ಕೆಳಗೆ ನಿಂತಿದ್ದ ಕಾರಿನ ಹತ್ತಿರ ಹೋದಳು. ಪರೀಕ್ಷಕಿ ಬೆಳಿಗ್ಗೆ ಬಿಚ್ಚಿ ಸಾಲಾಗಿ ಇಟ್ಟಿದ್ದ ಶೂ, ಸ್ಪ್ರಿಂಗು, ಲಿವರುಗಳು ಗೋಣಿಯ ಮೇಲಿದ್ದವು. ಅವಳು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿಕೊಂಡಳು.

"ಮೇಡಂ, ಕಣ್ಣಿಗೆ ಬಟ್ಟೆ ಕಟ್ಟಿ ಬೇಕಾದ್ರೆ. ಹನ್ನೆರಡು ನಿಮಿಷದಲ್ಲಿ ಒಂದು ಚಕ್ರ ಕಟ್ಟಿ ತೋರಿಸ್ತೀನಿ. ಕೆಲಸ ಬರುತ್ತೋ ಇಲ್ವೋ ಅವರೇ ನೋಡಲಿ."

ಕೋಣೆಯೊಳಗೆ ಕುರ್ಚಿ ಬಿದ್ದ ಸದ್ದಾಯಿತು. ಮೇಸ್ತ್ರಿ ಎದ್ದು ನಿಂತಿದ್ದ. ಕೈ ಮುಂದೆ ಚಾಚಿ, ಮೇಜಿನ ಅಂಚು ಸವರಿಕೊಂಡು ಬಾಗಿಲು ಹುಡುಕುತ್ತಿದ್ದ. ಅವಳನ್ನು ತಡೆಯಿರಿ ಎಂದು ಯಾರಿಗೋ ಹೇಳುತ್ತಿದ್ದ.

ಇನ್ಸ್‌ಪೆಕ್ಟರ್ ಅಂಗಳದ ಮೆಟ್ಟಿಲಿಗೆ ಬಂದು ನಿಂತ. ಅವನ ಹಿಂದೆ ತಮ್ಮ.

"ಕಟ್ಟಲಿ ಮೇಡಂ" ಎಂದ ತಮ್ಮ ಮೆಲ್ಲಗೆ. "ಚೆನ್ನಾಗಿ ಕಟ್ಟಿದ್ರೆ ಒಂದು ವಿಷಯ ಗ್ಯಾರಂಟಿ ಆಗುತ್ತಲ್ಲ. ನಮ್ಮಕ್ಕನ ಕಾರಿನ ನಾಲ್ಕೂ ಚಕ್ರ ಅದಲುಬದಲು ಮಾಡೋಕೆ ಬರೋ ಕೈ ಆ ಅಂಗಡೀಲಿ ಒಂದೇ ಇತ್ತು ಅಂತ."

ಹುಡುಗಿಗೆ ಅದು ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಗೋಣಿಯ ಮೇಲಿಂದ ಒಂದು ತಿರುಪನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸುತ್ತು ನೋಡಿದಳು.

ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಇಕ್ಕಳ ಕಚ್ಚಿದ ಆ ಸ್ಪ್ರಿಂಗು ಪರೀಕ್ಷಕಿಯ ಜೇಬಿನಲ್ಲೇ ಇತ್ತು.

"ಯಾವ ಚಕ್ರ ಕಟ್ಟಲಿ ಮೇಡಂ?" ಎಂದು ಅವಳು ಕೇಳಿದಳು.